ಮಗಳ ಮನೆಗೆ ಹೋಗುವ ದಾರಿಯಲ್ಲಿ...

ನಿಮ್ಮ ಮಗಳೂ ವಿದೇಶದಲ್ಲಿದ್ದಾಳೆಯೇ? ಹಾಗಿದ್ದರೆ ರಾತ್ರಿ ಒಂಬತ್ತಾಗುತ್ತಿದ್ದ ಹಾಗೆ ನಿಮ್ಮ ಕೈ ತಾನಾಗಿಯೇ ಫೋನಿನ ಕಡೆ ಹೋಗುತ್ತದೆ. ‘ಊಟ ಆಯ್ತಾ?’ ಅಂತ ನೀವು ಕೇಳ್ತೀರಿ. ‘ಆಯ್ತಮ್ಮಾ’ ಅಂತ ಅವಳು. ‘ಚೆನ್ನಾಗಿದ್ದೀಯಾ?’ ‘ಚೆನ್ನಾಗಿದ್ದೀನಮ್ಮಾ.’ ಅಷ್ಟು ಕೇಳಿದರೆ ಮುಗಿಯಿತು, ಅಡುಗೆಮನೆ ದೀಪ ಆರಿಸಿ ನೆಮ್ಮದಿಯಾಗಿ ಮಲಗುತ್ತೀರಿ.

ಮೈಸೂರಿನಲ್ಲಿರುವ ನನ್ನ ಅಕ್ಕನೂ ಐದು ವರ್ಷ ಹೀಗೇ ನೆಮ್ಮದಿಯಾಗಿ ಮಲಗಿದ್ದಳು. ಅವಳ ಒಬ್ಬಳೇ ಮಗಳು, ನಮ್ಮೆಲ್ಲರ ಪುಟ್ಟಿ, ಸ್ವೀಡನ್ನಿನ ಉಪ್ಸಾಲಾ ಎಂಬ ಊರಿನಲ್ಲಿ ಎಂಎಸ್ಸಿ ಓದಿ, ಅಲ್ಲೇ ಔಷಧ ಸಂಶೋಧನೆಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. 2024ರ ಮೇ ತಿಂಗಳಲ್ಲಿ ಅಕ್ಕ, ಭಾವ, ನಾನು ಮತ್ತು ನನ್ನ ಹತ್ತು ವರ್ಷದ ಮಗ ಅವಳನ್ನು ನೋಡಲು ಹೊರಟೆವು. ನಮ್ಮ ಯಜಮಾನರಿಗೆ ರಜೆ ಸಿಗಲಿಲ್ಲ. ‘ನೀನು ಜೊತೆಗಿದ್ರೆ ನನಗೆ ಧೈರ್ಯ ಕಣೇ’ ಎಂದು ಅಕ್ಕ ಹೇಳಿದ್ದರಿಂದ ನಾನು ಪರ್ಸಿನಲ್ಲಿ ಕೂಡಿಟ್ಟದ್ದನ್ನೆಲ್ಲ ಟಿಕೆಟ್ಟಿಗೆ ಹಾಕಿದೆ.

ಸ್ವೀಡನ್ನಿನ ದಕ್ಷಿಣ ತುದಿಯಿಂದ ಉಪ್ಸಾಲಾವರೆಗೆ ಸುಮಾರು 680 ಕಿಲೋಮೀಟರ್ ಕಾರಿನಲ್ಲಿ ಹೋದೆವು. ಆ ದಾರಿಯಲ್ಲಿ ಏನೇನು ನೋಡಿದೆವು, ಏನೇನು ಎಡವಟ್ಟು ಮಾಡಿಕೊಂಡೆವು ಎನ್ನುವುದನ್ನು ನಿಮಗೆ ಹೇಳಬೇಕು. ಅದಕ್ಕಿಂತ ಮುಖ್ಯವಾಗಿ, ಆ ದಾರಿಯಲ್ಲಿ ಅಕ್ಕನಿಗೆ ಏನು ಗೊತ್ತಾಯಿತು ಎನ್ನುವುದನ್ನು ಹೇಳಬೇಕು. ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ‘ಬರಿ, ಇನ್ನೊಬ್ಬ ತಾಯಿಗಾದ್ರೂ ಉಪಯೋಗ ಆಗ್ಲಿ’ ಎಂದಳು.

ತುಪ್ಪದ ಡಬ್ಬಿಯ ಕತೆ

ಮೊದಲು ಪ್ಯಾಕಿಂಗ್. ಹೊರಡುವುದಕ್ಕೆ ಎರಡು ತಿಂಗಳ ಮೊದಲೇ ಅಕ್ಕನ ಮನೆ ಸಣ್ಣ ಕಾರ್ಖಾನೆಯಾಗಿತ್ತು. ತಾರಸಿಯ ಮೇಲೆ ಸಂಡಿಗೆ, ಹಪ್ಪಳ. ಒಳಗೆ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ. ಇದರ ಜೊತೆಗೆ ಎರಡು ಕೆ.ಜಿ. ಬೆಣ್ಣೆ ಕಾಯಿಸಿದ ತುಪ್ಪ, ಒಂದು ಕೆ.ಜಿ. ಪೇಡ, ಹಿತ್ತಲ ಗಿಡದಿಂದ ಕಿತ್ತ ಕರಿಬೇವು, ಆರು ಒಣಕೊಬ್ಬರಿ ಗಿಟುಕು!

ಗೆಳತಿಯರೇ, ಇಲ್ಲೇ ಸ್ವಲ್ಪ ಗಮನ ಕೊಡಿ. ಐರೋಪ್ಯ ಒಕ್ಕೂಟದ ದೇಶಗಳಿಗೆ ನಮ್ಮಲ್ಲಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ಅಂದರೆ ತುಪ್ಪ, ಬೆಣ್ಣೆ, ಪನೀರ್, ಖೋವಾ ಯಾವುದೂ ಇಲ್ಲ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ತರಕಾರಿ, ಹೂವು, ಹಣ್ಣು ಕೂಡ ಪ್ರಮಾಣಪತ್ರವಿಲ್ಲದೆ ನಿಷಿದ್ಧ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್‌ನಂಥ ನಾಲ್ಕೈದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಕರಿಬೇವೂ ಇಲ್ಲ, ಮಾವಿನಹಣ್ಣೂ ಇಲ್ಲ. ಒಣಕೊಬ್ಬರಿಯನ್ನಂತೂ ನಮ್ಮ ವಿಮಾನ ನಿಲ್ದಾಣದಲ್ಲೇ ಬಿಡುವುದಿಲ್ಲ. ಎಣ್ಣೆಯ ಅಂಶ ಜಾಸ್ತಿ ಇರುವುದರಿಂದ ಬೇಗ ಹೊತ್ತಿಕೊಳ್ಳುತ್ತದಂತೆ. ಪುಡಿಗಳು, ಹಪ್ಪಳ, ಸಂಡಿಗೆ, ಕರಿದ ತಿಂಡಿಗೆ ತೊಂದರೆಯಿಲ್ಲ. ಉಪ್ಪಿನಕಾಯಿ, ಗೊಜ್ಜನ್ನು ಕೈಚೀಲದಲ್ಲಿಡದೆ ದೊಡ್ಡ ಸೂಟ್‌ಕೇಸಿನಲ್ಲಿಡಿ.

ಇದನ್ನೆಲ್ಲ ನಾನು ಓದಿ ಹೇಳಿದಾಗ ಅಕ್ಕನ ಕಣ್ಣಲ್ಲಿ ನೀರೇ ಬಂತು. ‘ತುಪ್ಪ ಇಲ್ದೆ ಮಗಳ ಮನೆಗೆ ಹ್ಯಾಗೇ ಹೋಗೋದು?’ ಎಂದಳು. ಫೋನಿನಲ್ಲಿ ಪುಟ್ಟಿ ನಕ್ಕುಬಿಟ್ಟಳು. ‘ಅಮ್ಮಾ, ಇಲ್ಲಿ ಒಳ್ಳೆ ಬೆಣ್ಣೆ ಸಿಗತ್ತೆ, ನಾನೇ ತುಪ್ಪ ಕಾಯಿಸ್ಕೋತೀನಿ’ ಎಂದಳು. ಅಕ್ಕ ನನ್ನ ಕಡೆ ತಿರುಗಿ, ‘ಇವಳಿಗೆ ಯಾವಾಗ ಬಂತೇ ತುಪ್ಪ ಕಾಯಿಸೋಕೆ?’ ಎಂದು ಕೇಳಿದಳು. ಖುಷಿಗೋ ಬೇಜಾರಿಗೋ ಕೇಳಿದ್ದು ಎಂದು ಆಗ ನನಗೆ ಗೊತ್ತಾಗಲಿಲ್ಲ.

ವೀಸಾ, ವಿಮಾನ, ರೈಲು

ಸ್ವೀಡನ್, ಡೆನ್ಮಾರ್ಕ್, ನಾರ್ವೆ ಮೂರಕ್ಕೂ ಷೆಂಗೆನ್ ವೀಸಾ ಒಂದೇ ಸಾಕು. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಅದಕ್ಕೇ ಅರ್ಜಿ ಹಾಕಬೇಕು. ನಾವು ವಿಮಾನ ಇಳಿದದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಾದರೂ ಅರ್ಜಿ ಹಾಕಿದ್ದು ಸ್ವೀಡನ್ನಿಗೆ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಗೆ ಹದಿನೈದು ದಿನ ಮೊದಲಾದರೂ ಹಾಕಿರಬೇಕು. ಮೇ, ಜೂನ್‌ನಲ್ಲಿ ರಶ್ ಇರುವುದರಿಂದ ಮೂರು ತಿಂಗಳ ಮೊದಲೇ ಶುರುಮಾಡುವುದು ಕ್ಷೇಮ. ಮಗಳಿಂದ ಆಹ್ವಾನ ಪತ್ರ ಬೇಕು, ಜೊತೆಗೆ ಅವಳು ಅಲ್ಲಿನ ನಿವಾಸಿ ಎನ್ನುವ ಪ್ರಮಾಣಪತ್ರವೂ ಬೇಕು. ಅದನ್ನು ಕೊಡುವುದು ಅಲ್ಲಿನ ತೆರಿಗೆ ಇಲಾಖೆ! ಜನರ ವಾಸದ ಲೆಕ್ಕ ಇಡುವುದು ಅಲ್ಲಿ ತೆರಿಗೆಯವರೇ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸಿ ಆರೋಗ್ಯ ವಿಮೆ ಕಡ್ಡಾಯ. ದೊಡ್ಡವರ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ. 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ.

ಪುಟ್ಟಿ ಹಿಂದಿನ ದಿನವೇ ರೈಲಿನಲ್ಲಿ ಬಂದು ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಎರಡು ವರ್ಷದ ನಂತರ ಮಗಳನ್ನು ನೋಡಿದ ಅಕ್ಕನ ಬಾಯಿಂದ ಬಂದ ಮೊದಲ ಮಾತು, ‘ಎಷ್ಟು ಇಳಿದುಹೋಗಿದ್ದೀಯೇ!’ ನಾವು ಅಮ್ಮಂದಿರೆಲ್ಲ ಇದನ್ನೇ ಹೇಳುತ್ತೇವೆ, ಅಲ್ಲವೇ?

ಅಲ್ಲಿಂದ ಕಾರು ತೆಗೆದುಕೊಳ್ಳಲಿಲ್ಲ. ಒಂದು ದೇಶದಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ದುಬಾರಿ ಹೆಚ್ಚುವರಿ ಶುಲ್ಕ ಬೀಳುತ್ತದೆ. ಅದಕ್ಕೇ ವಿಮಾನ ನಿಲ್ದಾಣದೊಳಗಿನಿಂದಲೇ ಹೊರಡುವ ರೈಲು ಹತ್ತಿ ಸ್ವೀಡನ್ನಿನ ಮಾಲ್ಮೊ ನಗರಕ್ಕೆ ಹೋದೆವು. ಅರ್ಧ ಗಂಟೆಯ ದಾರಿ, ಆದರೆ ಎಂಥ ದಾರಿ! ಎರಡು ದೇಶಗಳ ನಡುವೆ ಸಮುದ್ರವಿದೆ. ಮೊದಲು ಸುಮಾರು ನಾಲ್ಕು ಕಿಲೋಮೀಟರ್ ಸಮುದ್ರದ ಕೆಳಗಿನ ಸುರಂಗ, ಆಮೇಲೆ ಮನುಷ್ಯರೇ ಕಟ್ಟಿದ ಒಂದು ದ್ವೀಪ, ಅಲ್ಲಿಂದ ಎಂಟು ಕಿಲೋಮೀಟರ್‌ನಷ್ಟು ಉದ್ದದ ಓರೆಸುಂಡ್ ಸೇತುವೆ. 2000ದ ಜುಲೈನಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯಲ್ಲಿ ಮೇಲೆ ಕಾರು, ಕೆಳಗೆ ರೈಲು. ನನ್ನ ಮಗ ಕಿಟಕಿಗೆ ಮೂಗು ಒತ್ತಿ ಕೂತವನು ಏಳಲೇ ಇಲ್ಲ. 2015ರಿಂದ ಸ್ವೀಡನ್ ತನ್ನ ಗಡಿಯಲ್ಲಿ ತಪಾಸಣೆ ಮತ್ತೆ ಶುರುಮಾಡಿದೆ. ಆದ್ದರಿಂದ ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳದಲ್ಲಿ ಬಚ್ಚಿಡದೆ ಕೈಯಲ್ಲಿಟ್ಟುಕೊಳ್ಳಿ.

ಸ್ಟೀರಿಂಗ್ ಯಾರ ಕೈಯಲ್ಲಿ?

ಮಾಲ್ಮೊದಲ್ಲಿ ಮೊದಲನೇ ಎಡವಟ್ಟು. ಐದು ಜನ ಕೂರುವ ಕಾರು ಬುಕ್ ಮಾಡಿದ್ದೆವು, ಐದು ಜನರೇನೋ ಕೂತೆವು. ಆದರೆ ಅಕ್ಕನ ಹಪ್ಪಳ ಸಂಡಿಗೆ ಎಲ್ಲಿ ಕೂರಬೇಕು? ಕೊನೆಗೆ ಡಿಕ್ಕಿ ಉದ್ದ ಇರುವ ದೊಡ್ಡ ಕಾರು ತೆಗೆದುಕೊಳ್ಳಬೇಕಾಯಿತು. ಹಾಗಿದ್ದೂ ಕೋಡುಬಳೆ ಡಬ್ಬಿ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೇ ಇತ್ತು. ಬುಕ್ ಮಾಡುವಾಗ ತಲೆ ಎಣಿಸಿದ ಹಾಗೆ ಸೂಟ್‌ಕೇಸನ್ನೂ ಎಣಿಸಿ. ಅಲ್ಲಿ 135 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಪ್ರತ್ಯೇಕ ಸೀಟು ಕಡ್ಡಾಯ, ಅದನ್ನೂ ಮೊದಲೇ ಹೇಳಿಡಬೇಕು.

ಎರಡನೆಯದು ಭಾವನದು. ಅವರು ಮೈಸೂರಿನ ಆರ್‌ಟಿಓ ಕಚೇರಿಗೆ ಓಡಾಡಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಬಂದಿದ್ದರು. ‘ಮೂವತ್ತು ವರ್ಷ ಗಾಡಿ ಓಡಿಸಿದ್ದೀನಿ, ನನಗೇನು?’ ಎಂದು ಕೂತರು. ಆದರೆ ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಸ್ಟೀರಿಂಗ್ ಎಡಗಡೆ, ಗೇರ್ ಬಲಗೈಗೆ. ಹಗಲಿನಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಪಾರ್ಕಿಂಗ್‌ನಿಂದ ಹೊರಬರುವಷ್ಟರಲ್ಲಿ ಭಾವ ಇಂಡಿಕೇಟರ್ ಎಂದುಕೊಂಡು ಮೂರು ಸಲ ವೈಪರ್ ಹಾಕಿದರು. ಒಂದು ಸಣ್ಣ ವೃತ್ತದಲ್ಲಿ ಎಡಕ್ಕೆ ತಿರುಗಿಸಲು ಹೋದಾಗ ಅಕ್ಕ ‘ರೀ!’ ಎಂದು ಕಿರುಚಿದಳು.

ಪುಟ್ಟಿ ಮೆಲ್ಲಗೆ, ‘ಅಪ್ಪಾ, ನಾನು ಓಡಿಸ್ಲಾ?’ ಎಂದಳು.

‘ನಿನಗೆಲ್ಲಿ ಬರತ್ತೆ?’ ಎಂದರು ಭಾವ.

ಅವಳು ಪರ್ಸಿನಿಂದ ಸ್ವೀಡನ್ನಿನ ಲೈಸೆನ್ಸ್ ತೆಗೆದು ತೋರಿಸಿದಳು. ನಮ್ಮ ದೇಶದ ಲೈಸೆನ್ಸ್ ಅಲ್ಲಿ ನೆಲೆಸಿದವರಿಗೆ ಒಂದು ವರ್ಷ ಮಾತ್ರ ನಡೆಯುತ್ತದೆ. ಆಮೇಲೆ ಅಲ್ಲಿನ ಪರೀಕ್ಷೆಯನ್ನೇ ಪಾಸು ಮಾಡಬೇಕು. ಅದರಲ್ಲಿ ಒಂದು ತರಬೇತಿಯಂತೂ ಜಾರುವ ನೆಲದ ಮೇಲೆಯೇ. ಮಂಜುಗಡ್ಡೆಯ ರಸ್ತೆಯಲ್ಲಿ ಗಾಡಿ ಜಾರಿದಾಗ ಹೇಗೆ ಹಿಡಿತಕ್ಕೆ ತರಬೇಕು ಎನ್ನುವುದನ್ನು ಬೇಕೆಂದೇ ಜಾರಿಸಿ ಕಲಿಸುತ್ತಾರೆ. ನಮ್ಮ ಪುಟ್ಟಿ ಇದನ್ನೆಲ್ಲ ಕಲಿತು ಎರಡು ವರ್ಷವಾಗಿತ್ತು, ನಮಗೆ ಯಾರಿಗೂ ಗೊತ್ತೇ ಇರಲಿಲ್ಲ! ಮೈಸೂರಿನಲ್ಲಿ ಸಂಜೆ ಆರೂವರೆಯ ಮೇಲೆ ಇವಳ ಕೈಗೆ ಸ್ಕೂಟಿ ಕೀ ಕೊಡದವಳು ನಮ್ಮಕ್ಕ.

ಭಾವನ ಮುಖ ಸಪ್ಪಗಾಗಿದ್ದು ನೋಡಿ ಪುಟ್ಟಿ ಒಂದು ಸಂಗತಿ ಹೇಳಿದಳು. ಸ್ವೀಡನ್ನಿನವರೂ ಮೊದಲು ನಮ್ಮ ಹಾಗೆ ರಸ್ತೆಯ ಎಡಗಡೆಯೇ ಓಡಿಸುತ್ತಿದ್ದರಂತೆ. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಐದು ಗಂಟೆಗೆ ಇಡೀ ದೇಶ ಒಟ್ಟಿಗೇ ಬಲಕ್ಕೆ ಬದಲಾಯಿತು. ‘ನೋಡಿದ್ರಾ ಅಪ್ಪಾ, ಇಡೀ ದೇಶಕ್ಕೇ ಕಷ್ಟವಾಗಿತ್ತು, ನಿಮಗೊಬ್ಬರಿಗೇ ಅಲ್ಲ’ ಎಂದಳು. ಭಾವ ನಕ್ಕು, ಹಿಂದಿನ ಸೀಟಿಗೆ ಬಂದು, ಅರ್ಧ ಗಂಟೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಅಕ್ಕ ಮುಂದೆ ಹೋಗಿ ಮಗಳ ಪಕ್ಕ ಕೂತಳು.

ಒಂದೇ ಕಡೆ ನೋಡುತ್ತಾ ಕೂತಾಗ...

ದಕ್ಷಿಣ ಸ್ವೀಡನ್ನಿನಲ್ಲಿ ಮೇ ತಿಂಗಳೆಂದರೆ ಹಳದಿ ಹೊಲಗಳ ಕಾಲ. ರೇಪ್‌ಸೀಡ್ ಎಂಬ ನಮ್ಮ ಸಾಸಿವೆಯ ಜಾತಿಯ ಎಣ್ಣೆಬೀಜದ ಬೆಳೆ ಕಣ್ಣು ಹಾಯುವಷ್ಟು ದೂರ ಹೂಬಿಟ್ಟಿರುತ್ತದೆ. ‘ಥೇಟ್ ಗುಂಡ್ಲುಪೇಟೆ ಸೂರ್ಯಕಾಂತಿ ಹೊಲದ ಹಾಗಿದೆ’ ಎಂದಳು ಅಕ್ಕ. ಹೆಲ್ಸಿಂಗ್‌ಬೋರಿ ಎಂಬಲ್ಲಿ ‘ಇ4’ ಹೆದ್ದಾರಿ ಸಿಗುತ್ತದೆ. ಹೊಲ ಮುಗಿದು ಕಾಡು ಶುರುವಾಗುತ್ತದೆ. ಎರಡೂ ಬದಿ ಪೈನ್ ಮರಗಳು, ನಡುನಡುವೆ ಕೆರೆಗಳು, ಎಮ್ಮೆಗಿಂತ ಎತ್ತರದ ಮೂಸ್ ಎಂಬ ಕಾಡುಪ್ರಾಣಿ ಅಡ್ಡ ಬರಬಹುದೆಂಬ ಹಳದಿ ಫಲಕಗಳು. ಹಾರ್ನ್ ಸದ್ದೇ ಇಲ್ಲ.

ಮನೆಯಲ್ಲಿ ನಾವು ಮಕ್ಕಳ ಜೊತೆ ಎದುರುಬದುರು ಕೂತು ಮಾತಾಡುತ್ತೇವೆ. ಮುಖ ನೋಡುತ್ತೇವೆ, ಕಣ್ಣು ನೋಡುತ್ತೇವೆ, ‘ಯಾಕೆ ಹೀಗಿದ್ದೀಯಾ’ ಎಂದು ತನಿಖೆ ಮಾಡುತ್ತೇವೆ. ಕಾರಿನಲ್ಲಿ ಹಾಗಲ್ಲ, ಇಬ್ಬರೂ ರಸ್ತೆಯನ್ನೇ ನೋಡುತ್ತಿರುತ್ತಾರೆ. ಬಾಗಿಲು ತೆರೆದು ಎದ್ದುಹೋಗುವಂತಿಲ್ಲ, ಕುಕ್ಕರ್ ಕೂಗುವುದಿಲ್ಲ, ಪಕ್ಕದ ಮನೆಯವರು ಬರುವುದಿಲ್ಲ. ಮಾತು ತಾನಾಗಿಯೇ ಬರುತ್ತದೆ.

ಅಕ್ಕ ಸುಮ್ಮನೆ ಕೇಳಿದಳು, ‘ಈ ಕಾಡಿನಲ್ಲಿ ಚಳಿಗಾಲದಲ್ಲಿ ಹ್ಯಾಗಿರತ್ತೆ?’

ಪುಟ್ಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕತ್ತಲೆ ಅಮ್ಮ’ ಎಂದಳು.

ಡಿಸೆಂಬರ್‌ನಲ್ಲಿ ಉಪ್ಸಾಲಾದಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಮುಳುಗುವುದು ಮಧ್ಯಾಹ್ನ ಮೂರಕ್ಕೂ ಮೊದಲು. ಮೋಡವಿದ್ದರೆ ಅದೂ ಕಾಣುವುದಿಲ್ಲ. ಕತ್ತಲೆಯಲ್ಲಿ ಆಫೀಸಿಗೆ ಹೋಗಿ ಕತ್ತಲೆಯಲ್ಲೇ ಮನೆಗೆ ಬರಬೇಕು. ಹಿಂದಿನ ವರ್ಷದ ನವೆಂಬರ್‌ನಿಂದ ಅವಳಿಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾಗಿತ್ತಂತೆ. ಎಷ್ಟು ಮಲಗಿದರೂ ನಿದ್ದೆ ಸಾಲದು, ಯಾವುದರಲ್ಲೂ ಆಸಕ್ತಿಯಿಲ್ಲ, ಅನ್ನ ಮಾಡಿಕೊಳ್ಳಲೂ ಮನಸ್ಸಿಲ್ಲ. ಎರಡು ವಾರ ಬ್ರೆಡ್ಡಿನಲ್ಲೇ ಕಳೆದಿದ್ದಳು. ಒಂದು ದಿನ ಬಸ್ ಸ್ಟಾಪಿನಲ್ಲಿ ಕಾರಣವೇ ಇಲ್ಲದೆ ಅಳು ಬಂದು ನಿಲ್ಲಲಿಲ್ಲ. ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳು, ಅಲ್ಲಿ ಆರೋಗ್ಯ ಸಲಹೆಗೆಂದೇ ಇರುವ 1177 ಸಂಖ್ಯೆಗೆ ಫೋನ್ ಮಾಡಿಸಿ, ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಬೆಳಕು ಕಡಿಮೆಯಾಗುವ ಚಳಿಗಾಲದಲ್ಲಿ ಬರುವ ಖಿನ್ನತೆ ಇದು. 1984ರಲ್ಲಿ ಅಮೆರಿಕದ ವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು ಇದನ್ನು ವಿವರಿಸಿ ಹೆಸರು ಕೊಟ್ಟರು. ಸೋಮಾರಿತನವಲ್ಲ, ಕೊಬ್ಬೂ ಅಲ್ಲ, ಚಿಕಿತ್ಸೆಯಿರುವ ಕಾಯಿಲೆ. ಪುಟ್ಟಿಗೆ ಡಾಕ್ಟರು ವಿಟಮಿನ್ ಡಿ ಮಾತ್ರೆ ಕೊಟ್ಟರು, ಮಧ್ಯಾಹ್ನದ ಬಿಡುವಿನಲ್ಲಿ ಬೆಳಕಿರುವಾಗಲೇ ಹೊರಗೆ ನಡೆಯಲು ಹೇಳಿದರು, ವಾರಕ್ಕೊಮ್ಮೆ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಫೆಬ್ರವರಿ ಹೊತ್ತಿಗೆ ಸುಧಾರಿಸಿಕೊಂಡಳು.

‘ನಾಲ್ಕು ತಿಂಗಳು!’ ಎಂದಳು ಅಕ್ಕ. ಧ್ವನಿ ನಡುಗುತ್ತಿತ್ತು. ‘ದಿನಾ ರಾತ್ರಿ ಫೋನ್ ಮಾಡ್ತಿದ್ನಲ್ಲೇ. ದಿನಾ ಚೆನ್ನಾಗಿದ್ದೀನಿ ಅಂದ್ಯಲ್ಲೇ.’

‘ನಿನಗೆ ರಾತ್ರಿ ಒಂಬತ್ತು ಅಂದ್ರೆ ಚಳಿಗಾಲದಲ್ಲಿ ನನಗೆ ಸಂಜೆ ನಾಲ್ಕೂವರೆ ಅಮ್ಮ. ನಾನಿನ್ನೂ ಆಫೀಸಲ್ಲಿರ್ತೀನಿ. ಊಟ ಆಯ್ತಾ ಅಂತ ಕೇಳ್ತೀಯ. ಏನು ಹೇಳ್ಲಿ?’

‘ನಿಜ ಹೇಳ್ಬೇಕಿತ್ತು.’

‘ಹೇಳಿದ್ರೆ ನೀನು, ವಾಪಸ್ ಬಂದ್ಬಿಡು ಅಂತಿದ್ದೆ. ನಿನ್ನ ಬಿಪಿ ಏರ್ತಿತ್ತು, ಅಪ್ಪ ಟಿಕೆಟ್ ಬುಕ್ ಮಾಡ್ತಿದ್ರು. ನನ್ನ ಕಾಯಿಲೆ ಜೊತೆಗೆ ನಿನ್ನ ಗಾಬರೀನೂ ನಾನೇ ನೋಡ್ಕೋಬೇಕಿತ್ತು. ನನಗೆ ವಾಪಸ್ ಬರೋದು ಬೇಕಿರ್ಲಿಲ್ಲ ಅಮ್ಮ. ಯಾರಾದ್ರೂ ಸುಮ್ನೆ ಕೇಳಿಸ್ಕೊಂಡಿದ್ರೆ ಸಾಕಿತ್ತು.’

ಗೆಳತಿಯರೇ, ಹಿಂದಿನ ಸೀಟಿನಲ್ಲಿ ಕೂತಿದ್ದ ನನಗೇ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಅಕ್ಕ ಅಳುತ್ತಾಳೆ, ಬಯ್ಯುತ್ತಾಳೆ ಎಂದುಕೊಂಡೆ. ಏನೂ ಮಾಡಲಿಲ್ಲ. ಬಹಳ ಹೊತ್ತು ರಸ್ತೆ ನೋಡುತ್ತಾ ಕೂತಳು. ಆಮೇಲೆ ಕೈ ಹಿಂದಕ್ಕೆ ಚಾಚಿ ನನ್ನ ತೊಡೆಯ ಮೇಲಿದ್ದ ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು, ಮುರಿದು, ಸ್ಟೀರಿಂಗ್ ಹಿಡಿದಿದ್ದ ಮಗಳ ಬಾಯಿಗಿಟ್ಟಳು. ‘ಹೇಳು. ಮೊದಲಿಂದ ಹೇಳು. ನಾನು ಮಧ್ಯೆ ಮಾತಾಡಲ್ಲ’ ಎಂದಳು.

ಅವಳು ಹೇಳಿದಳು. ಅಕ್ಕ ನಿಜವಾಗಿಯೂ ಮಧ್ಯೆ ಮಾತಾಡಲಿಲ್ಲ.

ಗ್ರೆನ್ನಾ ಊರಿನ ಅಮ್ಮ

ಆ ರಾತ್ರಿ ಉಳಿದದ್ದು ವೆಟರ್ನ್ ಎಂಬ ದೊಡ್ಡ ಸರೋವರದ ದಡದಲ್ಲಿರುವ ಗ್ರೆನ್ನಾ ಎಂಬ ಪುಟ್ಟ ಊರಿನಲ್ಲಿ. ಸ್ವೀಡನ್ನಿನ ಎರಡನೇ ಅತಿ ದೊಡ್ಡ ಸರೋವರ ಅದು. ಗ್ರೆನ್ನಾ ಹೆಸರುವಾಸಿಯಾಗಿರುವುದು ಕೆಂಪು ಬಿಳಿ ಪಟ್ಟೆಯ ಪೆಪ್ಪರ್‌ಮಿಂಟ್ ಮಿಠಾಯಿಗೆ. ಬೀದಿಯುದ್ದಕ್ಕೂ ಮಿಠಾಯಿ ಅಂಗಡಿಗಳು. ಬಿಸಿ ಸಕ್ಕರೆ ಪಾಕವನ್ನು ನಮ್ಮ ಜಾತ್ರೆಯ ಬೊಂಬಾಯಿ ಮಿಠಾಯಿಯವನ ಹಾಗೆ ಎಳೆದು, ಹೊಸೆದು, ಉದ್ದುದ್ದ ಕೋಲು ಮಾಡುವುದನ್ನು ಎದುರಿಗೇ ನಿಂತು ನೋಡಬಹುದು.

ಇದನ್ನು ಶುರುಮಾಡಿದವಳು ಅಮಾಲಿಯಾ ಎರಿಕ್ಸನ್. ದರ್ಜಿಯೊಬ್ಬನನ್ನು ಮದುವೆಯಾಗಿದ್ದಳು. ಗಂಡ ತೀರಿಕೊಂಡಾಗ ಕೈಯಲ್ಲಿ ಹಸುಗೂಸು, ಹೆಣ್ಣುಮಗು. ಹೆಂಗಸರು ವ್ಯಾಪಾರ ಮಾಡಬೇಕಾದರೆ ಅನುಮತಿ ಬೇಡಬೇಕಿದ್ದ ಕಾಲ. 1859ರಲ್ಲಿ ಅವಳು ಊರಿನ ಆಡಳಿತದಿಂದ ಅನುಮತಿ ಪಡೆದು ಮಿಠಾಯಿ ಮಾಡಿ ಮಾರಿದಳು, ಮಗಳನ್ನು ಸಾಕಿದಳು. ಇವತ್ತು ಆ ಊರಿನಲ್ಲಿ ಅವಳ ಪ್ರತಿಮೆಯಿದೆ.

ಪುಟ್ಟಿ ಈ ಕತೆ ಹೇಳಿದಾಗ ಅಕ್ಕ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ‘ಇವಳೂ ಯಾರನ್ನೂ ಕೇಳದೆ ತಾನೇ ಎಲ್ಲಾ ನಿಭಾಯಿಸಿದ್ದಾಳೆ’ ಎಂದಳು. ಅಮಾಲಿಯಾ ಬಗ್ಗೆ ಹೇಳಿದಳೋ ಮಗಳ ಬಗ್ಗೆಯೋ, ನಾನು ಕೇಳಲಿಲ್ಲ.

ಮರುದಿನ ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ಬುತ್ತಿ ಬಿಚ್ಚಿದೆವು. ಮರದ ಬೆಂಚು, ಮೇಜು, ಶುಚಿಯಾದ ಟಾಯ್ಲೆಟ್, ಎದುರಿಗೆ ನೀಲಿ ಸರೋವರ. ಸಸ್ಯಾಹಾರಿಗಳಾಗಿದ್ದರೆ ಬುತ್ತಿ ಬೇಕೇ ಬೇಕು. ಪೆಟ್ರೋಲ್ ಬಂಕುಗಳಲ್ಲಿ ಹೆಚ್ಚಾಗಿ ಸಿಗುವುದು ಮಾಂಸದ ಸಾಸೇಜ್. ಗೊಜ್ಜು ಕಲಸಿದ ಅವಲಕ್ಕಿ, ಚಪಾತಿ, ಚಟ್ನಿಪುಡಿ ನಮ್ಮನ್ನು ಕಾಪಾಡಿದವು. ಮಕ್ಕಳು ಬಣ್ಣಬಣ್ಣದ ಮೆತ್ತನೆ ಮಿಠಾಯಿ ಕೇಳಿದರೆ ಪೊಟ್ಟಣದ ಮೇಲೆ ಜೆಲಟಿನ್ ಎಂದಿದೆಯೇ ನೋಡಿ. ಅದು ಪ್ರಾಣಿಜನ್ಯ.

ಮಗಳ ಅಡುಗೆಮನೆಯಲ್ಲಿ

ಸಂಜೆ ಉಪ್ಸಾಲಾ ಸೇರಿದೆವು. 1477ರಲ್ಲಿ ಸ್ಥಾಪನೆಯಾದ ಹಳೆಯ ವಿಶ್ವವಿದ್ಯಾಲಯದ ಊರು. ಜ್ವರ ಅಳೆಯುವಾಗ ಹೇಳುವ ಸೆಲ್ಸಿಯಸ್ ಇದೇ ಊರಿನ ಪ್ರೊಫೆಸರ್ ಎಂದು ಕೇಳಿ ನನ್ನ ಮಗನಿಗೆ ಆಶ್ಚರ್ಯವೋ ಆಶ್ಚರ್ಯ. ಪುಟ್ಟಿಯ ಮನೆ ಮೂರನೇ ಮಹಡಿಯಲ್ಲಿ ಎರಡು ಕೋಣೆಯದು. ಸ್ವೀಡನ್ನಿನವರೂ ನಮ್ಮ ಹಾಗೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ. ಅಕ್ಕನಿಗೆ ಇದು ಬಹಳ ಹಿಡಿಸಿತು. ಹಿಡಿಸದೆ ಹೋದದ್ದು ಬೆಳಕು! ರಾತ್ರಿ ಒಂಬತ್ತಾದರೂ ಬಿಸಿಲು. ‘ಸಂಜೆಯೇ ಆಗಲ್ವಲ್ಲ, ದೇವರಿಗೆ ದೀಪ ಎಷ್ಟು ಗಂಟೆಗೆ ಹಚ್ಚೋದು?’ ಎಂದು ಪೇಚಾಡಿದಳು.

ಎರಡನೇ ದಿನ ಪುಟ್ಟಿ ಆಫೀಸಿಗೆ ಹೋದಾಗ ಅಕ್ಕ ಅವಳ ಅಡುಗೆಮನೆಯನ್ನು ಪೂರ್ತಿ ಜೋಡಿಸಿಟ್ಟಳು. ಡಬ್ಬಿಗಳೆಲ್ಲ ಮೈಸೂರಿನ ಮನೆಯ ಕ್ರಮದಲ್ಲಿ. ಹುಳಿಗೆ ಒಗ್ಗರಣೆ ಹಾಕಿದಾಗ ಹೊಗೆಯ ಅಲಾರಂ ಹೊಡೆದುಕೊಂಡು ಮೂವರೂ ಗಾಬರಿಬಿದ್ದೆವು. ಸಂಜೆ ಬಂದ ಪುಟ್ಟಿ ತನ್ನ ಕಾಫಿಪುಡಿ ಹುಡುಕಿ ಸಾಕಾಗಿ, ‘ಅಮ್ಮಾ, ಇದು ನನ್ನ ಮನೆ’ ಎಂದಳು. ಜೋರಾಗಿ ಹೇಳಲಿಲ್ಲ, ಆದರೂ ಅಕ್ಕನಿಗೆ ನೋವಾಯಿತು. ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ಮಗಳನ್ನೇ ಕೇಳುತ್ತಿದ್ದಳು, ‘ಕಾಫಿಪುಡಿ ಎಲ್ಲಿಡ್ತೀಯ? ನಿನ್ನ ತುಪ್ಪ ಎಲ್ಲಿದೆ? ಇವತ್ತು ನೀನೇ ಒಗ್ಗರಣೆ ಹಾಕು, ನಾನು ನೋಡ್ತೀನಿ.’ ಪುಟ್ಟಿ ಕಾಯಿಸಿದ ತುಪ್ಪ ಹದವಾಗಿಯೇ ಇತ್ತು. ಅಕ್ಕ ಎರಡು ಸಲ ಬಡಿಸಿಕೊಂಡಳು.

ನಾವು ಗೃಹಿಣಿಯರು ಇಪ್ಪತ್ತು ವರ್ಷ ಅಡುಗೆಮನೆಯಲ್ಲಿ ಮಕ್ಕಳಿಗಾಗಿ ನಿಂತಿರುತ್ತೇವೆ. ಅವರು ತಮ್ಮ ಅಡುಗೆ ತಾವು ಮಾಡಿಕೊಂಡ ದಿನ ನಮಗೆ ಹೆಮ್ಮೆಯಾಗಬೇಕು, ಆದರೆ ಮೊದಲು ಆಗುವುದು ಖಾಲಿ ಖಾಲಿ. ಅದನ್ನು ತುಂಬಿಕೊಳ್ಳಲೆಂದೇ ಇಪ್ಪತ್ತಮೂರು ಕೆ.ಜಿ. ಸೂಟ್‌ಕೇಸ್ ತುಂಬುತ್ತೇವೋ ಏನೋ. ಹಪ್ಪಳ ಸಂಡಿಗೆ ಒಯ್ಯಬೇಡಿ ಎಂದು ನಾನು ಹೇಳುವುದಿಲ್ಲ. ಅವಳಿಗೆ ಅದೂ ಬೇಕು. ಆದರೆ ಕಿವಿ ಮನೆಯಲ್ಲಿ ಬಿಟ್ಟು ಬರೀ ಸೂಟ್‌ಕೇಸ್ ಒಯ್ಯಬೇಡಿ.

ಎಲ್ಲ ಸರಿಹೋಯಿತೇ ಎಂದು ಕೇಳಬೇಡಿ. ಪುಟ್ಟಿ ಮದುವೆಗೆ ಇನ್ನೂ ಒಪ್ಪಿಲ್ಲ, ಊರಿಗೆ ವಾಪಸ್ ಬರುವ ಯೋಚನೆಯೂ ಸದ್ಯಕ್ಕಿಲ್ಲ. ಅಕ್ಕ ಈಗಲೂ ಒಮ್ಮೊಮ್ಮೆ ನನ್ನ ಹತ್ತಿರ ಕೂತು ಅಳುತ್ತಾಳೆ. ಆದರೆ ಫೋನ್ ಮಾಡುವ ಹೊತ್ತು ಬದಲಾಗಿದೆ. ಅವಳ ಮಧ್ಯಾಹ್ನದ ಬಿಡುವಿಗೆ ಸರಿಯಾಗಿ, ನಮ್ಮ ಸಂಜೆಗೆ ಮಾಡುತ್ತಾಳೆ. ಆ ವರ್ಷದ ನವೆಂಬರ್ ಬಂದಾಗ ನಾನು ಅಕ್ಕನ ಮನೆಯಲ್ಲೇ ಇದ್ದೆ. ಕಾರ್ತಿಕ ಮಾಸ, ಹೊಸ್ತಿಲಲ್ಲಿ ದೀಪ ಹಚ್ಚಿಟ್ಟು ಬಂದು ಅಕ್ಕ ಫೋನ್ ತೆಗೆದುಕೊಂಡಳು. ‘ಊಟ ಆಯ್ತಾ’ ಎನ್ನಲಿಲ್ಲ.

‘ಇವತ್ತು ಬೆಳಕಿತ್ತೇನೇ?’ ಎಂದು ಕೇಳಿದಳು.

ಆ ಕಡೆಯಿಂದ ಪುಟ್ಟಿ ಹೇಳುತ್ತಾ ಹೋದಳು. ಅರ್ಧ ಗಂಟೆ ಹೇಳಿದಳು.

ಹೊರಡುವ ಮುನ್ನ ನೆನಪಿರಲಿ

* ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಪ್ರಯಾಣಕ್ಕೆ ಒಳ್ಳೆಯ ಕಾಲ. ಜೂನ್ ಮೂರು, ನಾಲ್ಕನೇ ವಾರದಲ್ಲಿ ಬರುವ ‘ಮಿಡ್‌ಸಮ್ಮರ್’ ಅಲ್ಲಿನ ದೊಡ್ಡ ಹಬ್ಬ. ಆಗ ಕಾರು, ಕೋಣೆ ಮೊದಲೇ ಬುಕ್ ಮಾಡಿ.

* ಗಾಡಿ ಓಡಿಸುವವರು ಪರ್ಮಿಟ್ ಜೊತೆ ನಮ್ಮ ದೇಶದ ಮೂಲ ಲೈಸೆನ್ಸನ್ನೂ ಒಯ್ಯಬೇಕು. ಬಾಡಿಗೆ ಕಾರಿನ ಠೇವಣಿಗೆ ಅವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಲಿ. ಹಿಂದೆ ಕೂತವರಿಗೂ ಸೀಟ್ ಬೆಲ್ಟ್ ಕಡ್ಡಾಯ.

* ಸ್ಟಾಕ್‌ಹೋಮ್ ದಾಟುವಾಗ ಟೋಲ್ ಗೇಟ್ ಕಾಣದಿದ್ದರೂ ಶುಲ್ಕ ಇದೆ. ಕ್ಯಾಮೆರಾ ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತದೆ, ಬಿಲ್ಲು ಆಮೇಲೆ ಬಾಡಿಗೆ ಕಂಪನಿಯ ಮೂಲಕ ಬರುತ್ತದೆ.

* ಮುಸ್ಸಂಜೆ ಮತ್ತು ಮುಂಜಾವಿನಲ್ಲಿ ಕಾಡಿನ ರಸ್ತೆಯಲ್ಲಿ ನಿಧಾನ. ಪ್ರಾಣಿಗಳು ಅಡ್ಡ ಬರುವುದು ಆಗಲೇ ಹೆಚ್ಚು. ಅಪಘಾತವಾದರೆ 112ಕ್ಕೆ ಫೋನ್ ಮಾಡಿ.

* ಸ್ವೀಡನ್, ಡೆನ್ಮಾರ್ಕ್ ಎರಡರಲ್ಲೂ ಯೂರೊ ಅಲ್ಲ, ಬೇರೆ ಬೇರೆ ಕ್ರೋನ. ನೋಟಿಗಿಂತ ಕಾರ್ಡೇ ಹೆಚ್ಚು ನಡೆಯುತ್ತದೆ.

* ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ.

* ಅಪಾರ್ಟ್‌ಮೆಂಟುಗಳಲ್ಲಿ ಬಟ್ಟೆ ಒಗೆಯುವ ಕೋಣೆ ಸಾಮಾನ್ಯವಾಗಿ ಎಲ್ಲರಿಗೂ ಸೇರಿ ಒಂದೇ. ಸಮಯ ಬುಕ್ ಮಾಡಿಯೇ ಹೋಗಬೇಕು. ಬೇರೆಯವರ ಸಮಯದಲ್ಲಿ ಮಷೀನ್ ಹಾಕಿದರೆ ಜಗಳ ಗ್ಯಾರಂಟಿ!

* ಮಗಳು ಚಳಿಗಾಲದಲ್ಲಿ ಮಾತು ಕಡಿಮೆ ಮಾಡಿದರೆ, ಅತಿಯಾಗಿ ನಿದ್ದೆ ಎಂದರೆ, ಬುದ್ಧಿ ಹೇಳಬೇಡಿ. ಕೇಳಿಸಿಕೊಳ್ಳಿ, ಅಲ್ಲಿನ ಡಾಕ್ಟರನ್ನು ಕಾಣಲು ಹೇಳಿ. ನಿಮಗೇ ಮನಸ್ಸಿನ ಭಾರ ತಡೆಯಲಾಗದಿದ್ದರೆ ನಮ್ಮಲ್ಲಿ ‘ಟೆಲಿ ಮಾನಸ್’ 14416 ಉಚಿತ ಸಹಾಯವಾಣಿಯಿದೆ. ಅಮ್ಮಂದಿರಿಗೂ ಕೇಳಿಸಿಕೊಳ್ಳುವವರು ಬೇಕಲ್ಲವೇ?